ಫೋನಿನೊಳಗೆ ಕಿಯೊ ಅಜ್ಜಿಯ ಅಪ್ಪ

ನಮ್ಮೂರಿನ ಕವಿ ಅರಿಮುರಾ ಸೆಕಿಯಾ ತೀರಿಹೋಗಿ ಎಂಬತ್ತು ವರ್ಷವಾಯಿತು. ಅವರ ಸ್ಮಾರಕ ಭವನದ ಬೀಗದ ಕೈ ಇಪ್ಪತ್ತು ವರ್ಷದಿಂದ ನನ್ನ ಹತ್ತಿರವೇ ಇದೆ. ಮೊದಲೆಲ್ಲ ವಾರಕ್ಕೊಬ್ಬರು ಬಂದರೆ ಹೆಚ್ಚು, ಅವರೂ ಮಳೆ ಬಂತೆಂದು ಒಳಗೆ ನುಗ್ಗಿದವರು. ಹೋದ ವರ್ಷ ಯಾರೋ ಪುಣ್ಯಾತ್ಮರು ಕವಿಯನ್ನು ಚೆಲುವ ತರುಣನನ್ನಾಗಿ ಮಾಡಿ, ಕೈಗೆ ಕತ್ತಿ ಕೊಟ್ಟು ಫೋನಿನ ವಿಡಿಯೋ ಗೇಮಿನಲ್ಲಿ ನಿಲ್ಲಿಸಿದರು ನೋಡಿ, ಹುಡುಗಿಯರು ಸಾಲುಗಟ್ಟಿದರು!

ಅವರ ಮಗಳು ಕಿಯೊ ಅಜ್ಜಿಗೆ ಮಾತ್ರ ಮೈಯೆಲ್ಲ ಉರಿ. ಹೋದ ಸಲ ಗೇಮ್ ಕಂಪನಿಯ ವರ್ಷದ ಒಪ್ಪಿಗೆ ಪತ್ರಕ್ಕೆ ಮೊಹರು ಒತ್ತಿದ್ದ ಅವಳ ಅಣ್ಣ ಈಗಿಲ್ಲ. ಈ ಸಲ ಅವಳೇ ಒತ್ತಬೇಕು. ಅವಳು ಒತ್ತದಿದ್ದರೆ ಕವಿ ಗೇಮಿನಿಂದ ಆಚೆ. ಒತ್ತುವುದಿಲ್ಲ ಎಂದು ಹೇಳಲೆಂದೇ ಅಜ್ಜಿ ಭವನಕ್ಕೆ ಬಂದಳು.

"ನಮ್ಮಪ್ಪನ ಫೋಟೋ ನೋಡಿಲ್ವೇನೇ? ಬೋಳುತಲೆ, ಮುಂದಿನ ಹಲ್ಲು ಬೇರೆ ಮುರಿದಿತ್ತು. ಫೋನಿನಲ್ಲಿರೋ ಈ ಗೊಂಬೆ ಅವರಾ?" ಎಂದು ನನ್ನ ಮೇಲೆಯೇ ಹರಿಹಾಯ್ದಳು.

ಭವನ ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ ಹೊನೊಕಾ ಎಂಬ ಕಾಲೇಜು ಹುಡುಗಿ ಸುಮ್ಮನಿರಬೇಕಲ್ಲ! "ಅಜ್ಜಿ, ಒಂದ್ಸಲ ನೋಡಿ, ಹೆಂಗೆ ಹೊಡೀತಾರೆ ಅಂತ!" ಎಂದು ಫೋನು ಹಿಡಿದಳು. ಬೆಳಿಗ್ಗೆಯಿಂದ ಕಾದಾಡಿ ಸುಸ್ತಾಗಿದ್ದ ಕವಿಯನ್ನೇ ಆತುರದಲ್ಲಿ ಮತ್ತೆ ಕಾಳಗಕ್ಕೆ ತಳ್ಳಿದಳು. ಆಡುವವರೆಲ್ಲ ಒಂದಲ್ಲ ಒಂದು ದಿನ ಮಾಡುವ ತಪ್ಪಂತೆ ಇದು. ಮೂರನೇ ಏಟಿಗೇ ಕವಿ ಬಿದ್ದರು.

"ಅಯ್ಯೋ, ಏನಾಯ್ತೇ?" ಅಜ್ಜಿ ಕೂಗಿದಳು.

"ಗಾಯ ಆಗಿದೆ ಅಜ್ಜಿ. ಹಾಸಿಗೇಲಿ ಮಲಗಿಸ್ತೀನಿ. ಮೂರು ಗಂಟೆ ಬಿಟ್ಟು ಎದ್ದೇಳ್ತಾರೆ."

"ಎದ್ದೇಳ್ತಾರಾ?"

"ಹೂಂ. ಎಲ್ಲರೂ ಎದ್ದೇಳ್ತಾರೆ."

ಅಜ್ಜಿ ಫೋನು ಇಸಿದುಕೊಂಡು ಕುಳಿತಳು. ಆಗ ನನಗೆ ನೆನಪಾಯಿತು. ಅವಳಪ್ಪನಿಗೆ ಕ್ಷಯವಿತ್ತು. ಐದು ವರ್ಷದ ಮಗುವಿಗೆ ಅಂಟೀತೆಂದು ಅವರ ಕೋಣೆಯ ಕಾಗದದ ಬಾಗಿಲಿನಿಂದ ಈಚೆಗೇ ಅವಳನ್ನು ಕೂರಿಸುತ್ತಿದ್ದರಂತೆ. ಒಳಗಿನ ಕೆಮ್ಮು ಕೇಳಿಸುತ್ತಿತ್ತು, ಒಂದು ದಿನ ಅದೂ ನಿಂತಿತು. ಅಪ್ಪನ ಮುಖವನ್ನು ಅವಳಿಗೆ ತೋರಿಸಲೇ ಇಲ್ಲ.

"ಅಜ್ಜಿ, ಮನೆಗೆ ಬಿಟ್ಟು ಬರ್ಲಾ?" ಎಂದೆ.

"ನಿನ್ ಕೆಲಸ ನೋಡ್ಕೊ ಹೋಗೇ. ನಾನಿಲ್ಲೇ ಇರ್ತೀನಿ."

ಅನ್ನದ ಉಂಡೆ ತಂದಿಟ್ಟೆ, ಮುಟ್ಟಲಿಲ್ಲ. ಪರದೆ ಆರಿದಾಗಲೆಲ್ಲ "ಏ, ಆರಿಹೋಯ್ತು, ಬೇಗ ಬಾರೇ" ಎಂದು ಹೊನೊಕಾಳನ್ನು ಗದರುವಳು. ಪಾಪ, ಆ ಹುಡುಗಿಗೆ ಎರಡು ಬಸ್ಸು ತಪ್ಪಿದವು.

ಮೂರು ಗಂಟೆ ಕಳೆದ ಮೇಲೆ ಫೋನಿನಲ್ಲಿ ಕವಿ ಎದ್ದು ಕುಳಿತು, ಕೋಟು ಕೊಡವಿ, "ತುಂಬಾ ಹೊತ್ತು ಕಾಯಿಸ್ಬಿಟ್ನಾ?" ಎಂದರು.

"ಇಲ್ಲಪ್ಪ, ಇಲ್ಲ," ಎಂದು ಅಜ್ಜಿ ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಆಮೇಲೆ ಮೂಗು ಒರೆಸಿಕೊಂಡು, ಪತ್ರ ಕೊಡು ಎಂದು ಕೈ ಚಾಚಿ, ಒಂದಕ್ಷರವನ್ನೂ ಓದದೆ ಮೊಹರು ಒತ್ತಿದಳು. ಹೊರಟ ಹೊನೊಕಾಳ ತೋಳು ಹಿಡಿದು ನಿಲ್ಲಿಸಿದಳು.

"ನೋಡೇ, ಇವತ್ತು ಮತ್ತೆ ಅವರನ್ನ ಹೊಡೆದಾಟಕ್ಕೆ ಕಳಿಸ್ಬೇಡ. ಈಗ ತಾನೇ ಎದ್ದಿದ್ದಾರೆ."