ಏಳನೇ ಬಾಗಿಲಿನ ಕ್ಯಾಸೆಟ್ಟು

“ಅಕ್ಕಾ, ನೀ ಪೂರಾ ಆರಾಮಾಗಿ ಬರೂತನಾ ಆ ಏಳನೇ ಬಾಗಲಾ ನಾ ತಗಿಯೂದಿಲ್ಲ. ನಿನ್ನಾಣಿ.”

ಈ ಮಾತು ಕೊಟ್ಟಾಗ ಪ್ರಭುಲಿಂಗನಿಗೆ ಮುಂದಿನ ಹಲ್ಲು ಬಿದ್ದು ಹೊಸದು ಆಗಷ್ಟೇ ಮೂಡುತ್ತಿತ್ತು. ಮಾತು ತೆಗೆದುಕೊಂಡವಳು ಅವನ ಅಕ್ಕ ಕಸ್ತೂರಿ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಹೊಸ್ತಿಲಲ್ಲಿ, ಬೆಂಗಳೂರಿನ ಆಸ್ಪತ್ರೆಗೆ ಹೊರಟು ನಿಂತಿದ್ದಳು. ಆಣೆ ಮಾಡುವಾಗ ಅವನು ಕೈ ಇಟ್ಟದ್ದು ನನ್ನ ಮೇಲೆ. ಆ ಕೈ ಬೆವರಿತ್ತು. ನನ್ನ ಹೆದರಿಕೆ ಶುರುವಾದದ್ದು ಅವತ್ತು. ಆ ಬಾಗಿಲಿನ ಹಿಂದೆ ಏನಿದೆ ಎಂಬುದು ಇಡೀ ಮನೆಯಲ್ಲಿ ಗೊತ್ತಿದ್ದದ್ದು ನನಗೆ ಮಾತ್ರ.

ನಾನು ಒಂದು ವಿಡಿಯೋ ಗೇಮಿನ ಕ್ಯಾಸೆಟ್ಟು. ಅಂಗೈಯಗಲದ ಹಳದಿ ಪ್ಲಾಸ್ಟಿಕ್ಕಿನ ಮೈ, ಕೆಳಗೊಂದು ಬಾಯಿ, ಬಾಯಿಯೊಳಗೆ ತಾಮ್ರದ ಹಲ್ಲುಗಳ ಸಾಲು. ಹಣೆಯ ಮೇಲೆ ಲಾಟೀನು ಹಿಡಿದ ಹುಡುಗನ ಚಿತ್ರ. ಅವನು ಒಂದು ಪಾಳು ಬಾವಿಯೊಳಗೆ ಇಳಿಯುತ್ತಾ ಹೋಗಬೇಕು. ಪ್ರತಿ ಅಂತಸ್ತಿಗೂ ಒಂದು ಬಾಗಿಲು. ಏಳನೆಯದು ಕಡೆಯದು. ಅದೇ ನನ್ನೊಳಗಿನ ಆಟ.

ನಾನು ಅಸಲಿ ಅಲ್ಲ. ಅಸಲಿಯನ್ನು ನೋಡಿ ನಕಲು ಮಾಡಿದವರು ಸಮುದ್ರದಾಚೆಯ ಯಾವುದೋ ಊರಿನ ಒಂದು ಕೋಣೆಯವರು. ಕಾವಿಗೆ ಕರಗಿದ ಸೀಸದ ವಾಸನೆ ನನ್ನ ಮೊದಲ ನೆನಪು. ಅಸಲಿ ಆಟ ದೊಡ್ಡದು, ನನಗೆ ಹಾಕಿದ ಮೆಮೊರಿ ಚಿಪ್ ಅಗ್ಗದ್ದು, ಚಿಕ್ಕದು. ಆಟ ಅದರಲ್ಲಿ ಹಿಡಿಯಲಿಲ್ಲ. ನಕಲು ಮಾಡುವವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಬಾಲ ಕತ್ತರಿಸಿದಂತೆ ಆಟದ ಕೊನೆಯನ್ನೇ ಕತ್ತರಿಸಿಬಿಟ್ಟ. ಅಷ್ಟು ಆಳಕ್ಕೆ ಯಾವ ಮಗು ಇಳಿಯುತ್ತದೆ ಎಂದು ಪಕ್ಕದವನಿಗೆ ಹೇಳಿ ನಕ್ಕ. ಹೀಗಾಗಿ ನನ್ನೊಳಗೆ ಏಳನೇ ಬಾಗಿಲಿದೆ. ಅದರ ಹಿಂದೆ ಏನೂ ಇಲ್ಲ.

ಹೊಟ್ಟೆಯೊಳಗೆ ಗುಂಡಿಯಷ್ಟು ಒಂದು ಬ್ಯಾಟರಿ ಇಟ್ಟು ತಿರುಪು ಬಿಗಿದರು. ಆಡುವವರು ಎಲ್ಲಿ ನಿಲ್ಲಿಸಿದರು ಎಂದು ನೆನಪಿಡುವುದು ಅದರ ಕೆಲಸ.

ದುರ್ಗದ ಬೈಲಿನ ಒಂದು ಅಂಗಡಿಯಲ್ಲಿ ನನ್ನನ್ನು ಕೊಂಡವರು ಕಸ್ತೂರಿಯ ಅಪ್ಪ, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್. ಮಗಳಿಗೆ ಚಿಕ್ಕಂದಿನ ಕೀಲುಜ್ವರ ಹೃದಯಕ್ಕೆ ಇಳಿದಿತ್ತು. ಓಡಬಾರದು, ಕುಂಟಬಿಲ್ಲೆ ಆಡಬಾರದು, ಮೆಟ್ಟಿಲು ಹತ್ತಬಾರದು. ಕೂತಲ್ಲೇ ಆಡುವ ಆಟ ಬೇಕಿತ್ತು. ಪಾಳಿ ಮುಗಿದು ವರ್ಕ್‌ಶಾಪಿನ ಭೋಂಗಾ ಕೂಗಿದ ಮೇಲೆ, ಅಪ್ಪ ಎಣ್ಣೆ ಮೆತ್ತಿದ ಅಂಗಿಯಲ್ಲೇ ಸೈಕಲ್ ಹತ್ತಿ ಬಂದು ನನ್ನನ್ನೂ ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆಯನ್ನೂ ಒಯ್ದರು.

ಆ ಕಾಲದಲ್ಲಿ ಎಲ್ಲ ಮಕ್ಕಳಿಗೂ ಒಂದು ನಂಬಿಕೆ ಇತ್ತು. ಕ್ಯಾಸೆಟ್ಟು ನಡೆಯದಿದ್ದರೆ ಅದರ ಬಾಯಿಗೆ ಜೋರಾಗಿ ಊದಬೇಕು. ಊದಿದರೆ ಧೂಳು ಹಾರುತ್ತದೆ, ಆಟ ಬರುತ್ತದೆ. ನಿಜ ಹೇಳುತ್ತೇನೆ, ಊದಿದ್ದರಿಂದ ನಮಗೆ ಯಾವತ್ತೂ ಒಳ್ಳೆಯದಾಗಿಲ್ಲ. ಉಸಿರಿನ ತೇವ ಹಲ್ಲಿಗೆ ಹತ್ತಿ ಕಿಲುಬು ಕಟ್ಟುತ್ತದೆ. ತೆಗೆದು ಮತ್ತೆ ಸಿಕ್ಕಿಸಿದ್ದರಿಂದಲೇ ಆಟ ಬರುವುದು. ಆದರೆ ಹೇಳುವವರು ಯಾರು? ಯಾರಾದರೂ ನನ್ನ ಬಾಯಿ ತಮ್ಮ ಬಾಯಿಯ ಹತ್ತಿರ ತಂದರೆ ನಾನು ನಡುಗುತ್ತಿದ್ದೆ.

ಕಸ್ತೂರಿಗೆ ಊದಲು ಆಗುತ್ತಿರಲಿಲ್ಲ. ಒಮ್ಮೆ ಊದಿದಳು. ತುಟಿ ನೀಲಿಯಾಯಿತು, ಗೋಡೆ ಹಿಡಿದು ಕೂತುಬಿಟ್ಟಳು. ಅಂದಿನಿಂದ ಕೆಲಸ ಹಂಚಿಕೆಯಾಯಿತು.

“ಊದೂದು ನಿಂದು, ಆಡೂದು ನಂದು,” ಅಂದಳು.

“ನಾ ಯಾವಾಗ ಆಡ್ಲಿ?”

“ನೀ ಊದಿದ್ದಕ್ಕ ಹುಡುಗ ನಡ್ಯಾಕತ್ತಾನಲೇ. ಅರ್ಧಾ ನಿಂದ ಆತಲ್ಲ.”

ಪ್ರಭುಲಿಂಗ ಅದನ್ನು ಪೂರ್ತಿ ನಂಬಿದ. ಹೀಗೆ ಒಬ್ಬರ ಉಸಿರು, ಒಬ್ಬರ ಬೆರಳು ಸೇರಿ ಆರು ಬಾಗಿಲು ದಾಟಿದರು. ಏಳನೆಯದರ ಮುಂದೆ ಹುಡುಗನನ್ನು ನಿಲ್ಲಿಸಿದ ದಿನವೇ ಆಸ್ಪತ್ರೆಯಿಂದ ಕರೆ ಬಂತು. ಆಣೆ ಆದದ್ದು ಆಗ. ಮಾತು ಕೊಟ್ಟ ಮೇಲೆ ಅವನ ತಲೆಯೊಳಗೆ ಅದು ತಿರುಚಿಕೊಂಡು ಬೆಳೆಯಿತು: ಬಾಗಿಲು ತೆರೆದರೆ ಅಕ್ಕ ಬರುವುದಿಲ್ಲ. ಯಾರಿಗೂ ಹೇಳಲಿಲ್ಲ. ಆದರೆ ನನ್ನನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ, ಅವನ ಎದೆ ಹೊಡೆದುಕೊಳ್ಳುವುದು ನನಗೆ ಕೇಳುತ್ತಿತ್ತು.

ಪಕ್ಕದ ಕ್ವಾರ್ಟರ್ಸಿನಲ್ಲಿ ಗುರುನಾಥ ಅಂತ ಒಬ್ಬ ಇದ್ದ. ಎಲ್ಲರೂ ಗುರ್ಯಾ ಅನ್ನುತ್ತಿದ್ದರು. ಓಣಿಯಲ್ಲೇ ಜೋರು ಆಟಗಾರ. ಪ್ರಭು ಸಾಲಿಗೆ ಹೋದಾಗ ಅವನ ಅವ್ವನ ಹತ್ತಿರ ಬಂದು, “ಕಾಕೂ, ಕ್ಯಾಸೆಟ್ ಪ್ರಭೂನ ಒಯ್ಯಿ ಅಂದಾನ್ರೀ,” ಎಂದು ಸುಳ್ಳು ಹೇಳಿ ನನ್ನನ್ನು ಒಯ್ದ. ತನ್ನ ಪೆಟ್ಟಿಗೆಗೆ ಸಿಕ್ಕಿಸಿದ. ಹುಡುಗ ಏಳನೇ ಬಾಗಿಲ ಮುಂದೆಯೇ ನಿಂತಿದ್ದ. ಗುರ್ಯಾ ಸಿಳ್ಳೆ ಹಾಕಿದ.

ಬಾಗಿಲ ಮುಂದೆ ಕಾವಲು ಕಾಯುವ ಎರಡು ಬಾವಲಿಗಳಿವೆ. ಒಂದು ಬಿತ್ತು. ನನ್ನ ಹಲ್ಲುಗಳೆಲ್ಲ ಬಿಸಿಯಾದವು. ಇನ್ನೊಂದು ಬಿದ್ದರೆ ನನ್ನ ಖಾಲಿ ಹೊಟ್ಟೆ ಬಯಲಾಗುತ್ತದೆ. ಗುರ್ಯಾ ಓಣಿಗೆಲ್ಲ ಡಂಗುರ ಸಾರುತ್ತಾನೆ. ಪ್ರಭು ತನ್ನ ಅಕ್ಕ ಸತ್ತಳೆಂದೇ ತಿಳಿಯುತ್ತಾನೆ. ಎರಡನೆಯ ಬಾವಲಿಯೂ ಬಿತ್ತು, ಹುಡುಗ ಬಾಗಿಲ ಕಡೆಗೆ ಹೆಜ್ಜೆ ಇಟ್ಟ. ಅಷ್ಟರಲ್ಲಿ ಪಾಟೀಚೀಲ ಹೆಗಲಲ್ಲಿದ್ದಂತೆಯೇ ಪ್ರಭು ಒಳಗೆ ನುಗ್ಗಿದ. ಗುರ್ಯಾನ ಕೈಯನ್ನು ಕಚ್ಚಿ ಹಿಡಿದ.

“ಯವ್ವಾ! ಬಿಡಲೇ ನಾಯಿ! ಒಂದು ಆಟ ಅಲ್ಲೇನಲೇ ಅದು!”

ಪ್ರಭು ಬಿಡಲಿಲ್ಲ. ಇನ್ನೊಂದು ಕೈಯಿಂದ ನನ್ನನ್ನು ಪೆಟ್ಟಿಗೆಯಿಂದ ಕಿತ್ತ. ನಡೆಯುವಾಗ ಕಿತ್ತರೆ ನಮ್ಮ ನೆನಪು ಅಳಿಸಿಹೋಗಬಹುದು. ಕತ್ತಲೆಯಲ್ಲಿ ನಾನು ಒಳಗೆಲ್ಲ ತಡಕಾಡಿದೆ. ಹುಡುಗ ಇದ್ದ. ಬಾಗಿಲ ಮುಂದೆ ಲಾಟೀನು ಹಿಡಿದು ನಿಂತೇ ಇದ್ದ.

ಕಸ್ತೂರಿ ಬಂದಳು. ಕಾಲಿನ ನಾಳದಿಂದ ತಂತಿ ಕಳಿಸಿ ಹೃದಯದ ಕವಾಟ ಅಗಲ ಮಾಡಿದ್ದರು. ಪ್ರಭು ನನ್ನನ್ನು ಹಿಡಿದು ಅವಳ ಮುಂದೆ ಕೂತ. ಅವಳು ತೆಗೆದುಕೊಳ್ಳಲಿಲ್ಲ, ತನ್ನ ಎದೆ ಮುಟ್ಟಿಕೊಂಡಳು.

“ಇದು ಮತ್ತ ಕಿರಿದು ಆಗತೇತಂತೋ. ಎಂದರ ಒಂದಿನಾ ಎದಿ ಕೊಯ್ದು ಹೊಸಾದು ಹಾಕಬೇಕಂತ. ಪೂರಾ ಆರಾಮ ಆಗೂತನಾ ಅಂದಿದ್ದೆಲ್ಲ ನೀ?”

ಪ್ರಭು ತಲೆಯಾಡಿಸಿದ. ಅವನಿಗೆ ಸಮಾಧಾನವೇ ಆದಂತೆ ಕಂಡಿತು. ಅವಳಿಗೂ. ಬಾಗಿಲು ಮುಚ್ಚಿರುವ ತನಕ ಏನೂ ಆಗುವುದಿಲ್ಲ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ನಂಬಿದ್ದರು. ಆ ಮಳೆಗಾಲದಲ್ಲಿ ಸಿಡಿಲು ಬಡಿದು ಆಟದ ಪೆಟ್ಟಿಗೆ ಸುಟ್ಟಾಗ ಯಾರೂ ಅಳಲಿಲ್ಲ.

ಆಮೇಲೆ ನನ್ನದು ಟ್ರಂಕಿನ ಬದುಕು. ಡಾಂಬರ್ ಗುಳಿಗೆಯ ವಾಸನೆ, ಹಳೆಯ ಸ್ವೆಟರು, ಕತ್ತಲೆ. ಅಪ್ಪ ನಿವೃತ್ತರಾಗಿ ಕ್ವಾರ್ಟರ್ಸು ಬಿಟ್ಟರು, ನಂತರ ತೀರಿಕೊಂಡರು. ಒಮ್ಮೆ ಅವ್ವ ನನ್ನನ್ನು ಗುಜರಿ ಕೊಳ್ಳುವ ಮೋಡಕಾ ಸಾಮಾನಿನವನ ತಕ್ಕಡಿಗೆ ಹಾಕಿಯೇಬಿಟ್ಟಳು. ತುಕ್ಕು ಹಿಡಿದ ಸರಳು, ಒಡೆದ ಕೊಡಗಳ ಮಧ್ಯೆ ಬಿದ್ದಿದ್ದೆ. ಸುತ್ತಿಗೆ ಏಟು ಬಿದ್ದರೆ ಹುಡುಗ ಶಾಶ್ವತವಾಗಿ ಬಾಗಿಲ ಹೊರಗೇ ಉಳಿಯುತ್ತಾನೆ ಅನ್ನಿಸಿತು. ಕಸ್ತೂರಿ ಮೆಟ್ಟಿಲಿಳಿದು ಏದುಸಿರು ಬಿಡುತ್ತಾ ಬಂದು ನನ್ನನ್ನು ತಕ್ಕಡಿಯಿಂದ ಎತ್ತಿದಳು.

“ಭಾಳ ಹಗರ ವಸ್ತು, ಇಟ್ಕೊಳ್ರಿ ಅಕ್ಕಾರ,” ಅಂದ ಅವನು.

ಅವಳು ಶಾಲೆಯಲ್ಲಿ ಪಾಠ ಹೇಳುತ್ತಾ ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದಳು. ಪ್ರಭು ಗೋಕುಲ ರೋಡಿನ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಅವನ ಹೆಂಡತಿ ನಿರ್ಮಲಾ, ಮಗಳು ಸ್ಫೂರ್ತಿ. ನನ್ನ ಬ್ಯಾಟರಿ ವರ್ಷದಿಂದ ವರ್ಷಕ್ಕೆ ತಣ್ಣಗಾಗುತ್ತಿತ್ತು.

ಒಂದು ದಿನ ಟ್ರಂಕು ತೆರೆಯಿತು. ಸ್ಫೂರ್ತಿ ಕಿರುಚಿದಳು: “ಪಪ್ಪಾ! ಇದು ಆ ಸಿನಿಮಾದಾಗಿನ ಹುಡುಗ!”

ನನ್ನ ಆಟವನ್ನು ಯಾರೋ ದೊಡ್ಡ ಕಾರ್ಟೂನು ಸಿನಿಮಾ ಮಾಡಿದ್ದರು. ಊರ ತುಂಬ ಪೋಸ್ಟರು. ಪೋಸ್ಟರಿನಲ್ಲಿ ಮುಚ್ಚಿದ ಏಳನೇ ಬಾಗಿಲು, ಕೆಳಗೆ ದೊಡ್ಡ ಅಕ್ಷರ: ಒಳಗೇನಿದೆ? ನನಗೆ ಜೀವ ಹೋದಂತಾಯಿತು. ನನ್ನಿಂದ ಕತ್ತರಿಸಿ ತೆಗೆದದ್ದನ್ನು ಆ ಸಿನಿಮಾ ಊರಿಗೆಲ್ಲ ತೋರಿಸಲಿತ್ತು.

ಪ್ರಭುವಿಗೆ ಬೇರೆಯೇ ಭಯ. ಅದೇ ವಾರ ಬೆಂಗಳೂರಿನಲ್ಲಿ ಕಸ್ತೂರಿಯ ಎದೆ ಕೊಯ್ದು ಹೊಸ ಕವಾಟ ಕೂರಿಸಿದ್ದರು. ಆದರೆ ಅವಳು ಎಚ್ಚರವಾಗಿರಲಿಲ್ಲ, ಉಸಿರು ಮಷೀನಿನದ್ದು. ನಿರ್ಮಲಾ ಅಲ್ಲೇ ಇದ್ದಳು. ಅವ್ವನ ಹತ್ತಿರ ಬಿಟ್ಟುಹೋಗಿದ್ದ ಮಗಳನ್ನು ನೋಡಲು ಪ್ರಭು ಒಂದು ದಿನದ ಮಟ್ಟಿಗೆ ಬಂದಿದ್ದ. ಕಣ್ಣು ಕೆಂಪಗಿತ್ತು, ಗಡ್ಡ ಬೆಳೆದಿತ್ತು.

“ನನ್ನ ಹುಟ್ಟಿದ ಹಬ್ಬಕ್ಕ ತೋರಸ್ತೀನಿ ಅಂದಿದ್ದಿ,” ಅಂದಳು ಸ್ಫೂರ್ತಿ. “ಇವತ್ತ ಕಡೀ ಆಟಂತ. ನಾಳಿಂದ ಇಲ್ಲ.”

ಅವನು ಫೋನು ತೆಗೆದು ನೋಡಿದ, ಹೊಸ ಸುದ್ದಿ ಇರಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿದ. ಗೆಳತಿಯರಿಗೆ ತೋರಿಸಲೆಂದು ಅವಳು ನನ್ನನ್ನು ಹಿಡಿದು ತಂದಿದ್ದಳು. ಎಲ್ಲಿ ಕಳೆಯುತ್ತಾಳೋ ಎಂದು ಅವನು ಇಸಿದುಕೊಂಡು ಅಂಗಿಯ ಜೇಬಿಗೆ, ಫೋನಿನ ಪಕ್ಕ ಹಾಕಿಕೊಂಡ.

ಪರದೆಯ ಮೇಲೆ ನಮ್ಮ ಹುಡುಗ ಬಂದ. ನನ್ನೊಳಗೆ ಅವನು ಒಂದು ಹಿಡಿ ಚೌಕಗಳು, ಅಷ್ಟೇ. ಇಲ್ಲಿ ಅವನಿಗೆ ರೆಪ್ಪೆಗಳಿದ್ದವು, ಕೆನ್ನೆಯ ಮೇಲೆ ಮಸಿ ಇತ್ತು. ಕನ್ನಡದಲ್ಲಿ ಮಾತಾಡಿದ! ಒಂದೊಂದೇ ಬಾಗಿಲು ತೆರೆದ. ಪ್ರತಿ ಬಾಗಿಲಿಗೂ ಪ್ರಭುವಿನ ಎದೆ ಜೋರಾಯಿತು. ಆರನೆಯದು ಮುಗಿಯಿತು. ಹುಡುಗ ಏಳನೇ ಬಾಗಿಲಿಗೆ ಕೈ ಹಚ್ಚಿದ.

ಪ್ರಭು ಎದ್ದುಬಿಟ್ಟ.

“ಕುಂದರ್ರೀ ಯಜಮಾನ್ರ, ಈಗ ಎಲ್ಲಿ ಹೊಂಟ್ರಿ!” ಹಿಂದಿನಿಂದ ಯಾರೋ ಕೂಗಿದರು. ಅವನು ಕಣ್ಣು ಮುಚ್ಚಿಕೊಂಡೇ, ಮಂದಿಯ ಮೊಣಕಾಲು ತುಳಿಯುತ್ತಾ ಹೊರಗೆ ಬಂದ. ಗೋಡೆಗೆ ಒರಗಿ ಎರಡೂ ಕಿವಿ ಮುಚ್ಚಿ ನಿಂತ. ಆಗಲೇ ನನ್ನ ಪಕ್ಕದಲ್ಲಿದ್ದ ಫೋನು ಗಡಗಡ ನಡುಗಿತು. ನಿರ್ಮಲಾಳ ಹೆಸರು. ಅವನು ಎತ್ತಲಿಲ್ಲ. ನಿಂತಿತು. ಮತ್ತೆ ನಡುಗಿತು. ತಾನು ಬಾಗಿಲು ನೋಡಿಬಿಟ್ಟೆನೇ, ರೆಪ್ಪೆಯ ಸಂದಿಯಲ್ಲಿ ಒಂದಿಷ್ಟು ಬೆಳಕಾದರೂ ಕಂಡಿತೇ ಎಂದು ಅವನು ಯೋಚಿಸುತ್ತಿದ್ದನೆಂದು ನನಗೆ ಗೊತ್ತು. ಕಡೆಗೆ ಎತ್ತಿದ.

“ಎಲ್ಲಿದ್ದೀರಿ? ಉಸರಿನ ಮಷೀನು ತಗದಾರ್ರೀ. ಅಕ್ಕಾರು ತಾವ ಉಸರಾಡಾಕತ್ತಾರ.”

ಅವನು ಪಾಪ್‌ಕಾರ್ನ್ ಅಂಗಡಿಯ ಪಕ್ಕದ ನೆಲದ ಮೇಲೆ ಕೂತ.

ಸಿನಿಮಾ ಮುಗಿಸಿ ಓಡಿಬಂದ ಸ್ಫೂರ್ತಿ ಬಾಯಿ ತೆರೆಯುವುದರೊಳಗೆ ಅವನು ಅಂಗೈಯಿಂದ ಮುಚ್ಚಿದ. “ಹೇಳಬ್ಯಾಡ. ಅತ್ತಿ ಬರೂತನಾ ಯಾರ ಮುಂದೂ ಹೇಳಬ್ಯಾಡ.”

“ಪಪ್ಪಾ, ಹೊಟ್ಟಿ ಒಡೀತೈತಿ ನನಗ!”

“ಒಡದರ ಹೊಲಿಸೂಣಂತ. ನಡಿ.”

ಕಸ್ತೂರಿ ಬಂದಾಗ ಬಾಳೆನಾರಿನಷ್ಟು ಬಡಕಲಾಗಿದ್ದಳು. ಎದೆಯೊಳಗಿಂದ ಗಡಿಯಾರದಂತೆ ಸಣ್ಣ ಸದ್ದು ಬರುತ್ತಿತ್ತು, ಟಿಕ್, ಟಿಕ್. ಹೊಸ ಕವಾಟದ ಸದ್ದು. ನಡೆಯುವಷ್ಟಾದ ಮೇಲೆ ಒಂದು ಭಾನುವಾರ ಅವಳೇ ಆ ಆಟ ಕೇಳಿದಳು. ಪ್ರಭು ಯಾರ ಹತ್ತಿರವೋ ಹಳೆಯ ಆಟದ ಪೆಟ್ಟಿಗೆ ತಂದಿಟ್ಟಿದ್ದ. ಆದರೂ ಹಿಂದೆ ಸರಿದ.

“ಇನ್ನೊಂದೀಟು ದಿನಾ ಹೋಗಲೇಳು.”

“ಪೂರಾ ಆರಾಮ ಅಂದ್ರ ಇದ ನೋಡಪಾ. ಇದಕ್ಕಿಂತ ಆರಾಮ ಆಗೂದಿಲ್ಲ ನಾ. ಕೊಡು ಇಲ್ಲೆ.”

ಸಿಕ್ಕಿಸಿದರು. ಪರದೆ ಬರೀ ಬೂದಿ ಬಣ್ಣ. ರೂಢಿಯಂತೆ ಪ್ರಭು ಊದಲು ಕೈ ಚಾಚಿದ. ಅವಳು ಕೊಡಲಿಲ್ಲ. ನನ್ನನ್ನು ತುಟಿಯ ಹತ್ತಿರ ತಂದು, ಉದ್ದಕ್ಕೆ, ಒಂದೇ ಉಸಿರಿನಲ್ಲಿ ಊದಿದಳು. ತುಟಿ ಕೆಂಪಗೇ ಇತ್ತು. ಪ್ರಭು ಅದನ್ನೇ ನೋಡುತ್ತಿದ್ದ. ನನ್ನ ಹಲ್ಲುಗಳ ಮೇಲೆ ತೇವ ಕೂತಿತು. ಕೂರಲಿ ಅನ್ನಿಸಿತು. ಮತ್ತೆ ಸಿಕ್ಕಿಸಿದಳು.

ಹುಡುಗ ಬಂದ. ಬಾಗಿಲ ಮುಂದೆ, ಲಾಟೀನು ಹಿಡಿದು.

ಬಾವಲಿಗಳನ್ನು ಕೆಡವಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ಅಷ್ಟು ಹೊತ್ತೂ ನನಗೆ ಶಿಕ್ಷೆಯಂತಿತ್ತು. ಬಾಗಿಲು ತೆರೆಯಿತು. ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಪ್ರಭು ಕಣ್ಣನ್ನು ಪರದೆಯಿಂದ ಅಕ್ಕನ ಕಡೆಗೆ ತಿರುಗಿಸಿದ, ಅಲ್ಲೇ ಇಟ್ಟ. ಕತ್ತಲೆಯಲ್ಲಿ ಕೇಳಿಸುತ್ತಿದ್ದದ್ದು ಒಂದೇ. ಟಿಕ್, ಟಿಕ್. ಆಮೇಲೆ ಆಟದ ಹೆಸರು ಮತ್ತೆ ಮೂಡಿತು, ಮೊದಲಿನಿಂದ ಶುರು ಮಾಡಿ ಅನ್ನುವಂತೆ.

“ಇಷ್ಟನಾ?” ಅಂದಳು ಕಸ್ತೂರಿ. “ಇದಕ್ಕ ಗುರ್ಯಾನ ಕೈ ಕಚ್ಚಿದ್ದೇನಲೇ ನೀ?”

ಪ್ರಭು ನಗಲು ಹೋಗಿ ಅತ್ತುಬಿಟ್ಟ. ಅವಳು ಹೊಲಿಗೆಯ ಗಾಯದ ಮೇಲೆ ದಿಂಬು ಒತ್ತಿಕೊಂಡು ನಕ್ಕಳು.

“ಈಗರ ಹೇಳ್ಲೇನತ್ತಿ?” ಸ್ಫೂರ್ತಿ ಕುಣಿಯುತ್ತಿದ್ದಳು.

“ಹೇಳವಾ, ಹೇಳು.”

“ಒಳಗ ಒಂದು ದೊಡ್ಡ ಹಲ್ಲಿ ಇರತೈತಿ. ಅದನ್ನ ಹೊಡೀತಾರ. ಆಮ್ಯಾಲೆ ಹಾಡು.”

ನಾನೀಗ ಶೋಕೇಸಿನಲ್ಲಿ, ಕಸ್ತೂರಿಯ ಮಾತ್ರೆಯ ಡಬ್ಬಿಯ ಪಕ್ಕದಲ್ಲಿದ್ದೇನೆ. ಬ್ಯಾಟರಿ ಸತ್ತಿದೆ. ಹುಡುಗ ಎಲ್ಲಿ ನಿಂತಿದ್ದ ಎಂಬುದೂ ನನ್ನಲ್ಲಿ ಉಳಿದಿಲ್ಲ. ಖಾಲಿ ಎಂದು ಗೊತ್ತಾದರೆ ಎಸೆಯುತ್ತಾರೆ ಎಂದು ಇಷ್ಟು ವರ್ಷ ನಡುಗಿದೆ. ಗೊತ್ತಾಯಿತು. ಧೂಳು ಒರೆಸಿ ಇಲ್ಲಿ ಇಟ್ಟರು. ಆದರೂ ಅಭ್ಯಾಸ ಹೋಗಿಲ್ಲ, ಹಗಲೆಲ್ಲ ಕಿವಿ ಆ ಟಿಕ್ ಟಿಕ್ ಸದ್ದಿನ ಕಡೆಗೇ ಇರುತ್ತದೆ. ಸ್ವಲ್ಪ ದೂರವಾದರೆ ಹೆದರುತ್ತೇನೆ.

ಅಕ್ಕ ಪೂರ್ತಿ ಆರಾಮಾಗಿ ಬರುವ ತನಕ ಪ್ರಭುಲಿಂಗ ಏಳನೇ ಬಾಗಿಲು ತೆರೆಯಲಿಲ್ಲ.