ಕಣ್ಣಿಡದ ಹಂದಿ

"ಅರ್ಧ ಆಗಿದ್ರೂ ಪರವಾಗಿಲ್ಲ ತಾಯಿ, ಹಂಗೇ ಕೊಟ್ಬಿಡು," ಎಂದು ಪರಮೇಶ್ವರಪ್ಪ ಬಾಗಿಲಲ್ಲೇ ನಿಂತು ಹೇಳಿದರು. "ಆಯುಧಪೂಜೆ ಹತ್ರ ಬಂತು. ತಗಡಿಲ್ದೆ ಬಂದೂಕ ಬಾಯಿ ಬಿಟ್ಕಂಡು ಬಿದ್ದೈತೆ."

"ಒಳಗ್ ಬರ್ರಿ, ಕುಂತ್ಕಳ್ರಿ," ಎಂದಳು ಅನುಸೂಯ.

ಬಾಗೂರಿನ ಪರಮೇಶ್ವರಪ್ಪ ತಮ್ಮ ಬಂದೂಕಿನ ಎರಡು ಪಕ್ಕದ ತಗಡುಗಳನ್ನು ಬಿಚ್ಚಿ ತಂದು ಅವಳ ಗಂಡ ಪ್ರಭುಲಿಂಗನ ಕೈಗೆ ಕೊಟ್ಟುಹೋಗಿದ್ದರು. ಲೈಸೆನ್ಸಿನ ತಕರಾರಿರುವುದರಿಂದ ಹೊಸದುರ್ಗದ ಈ ಮನೆಗೆ ಕೆತ್ತನೆಗೆಂದು ಬರುವುದು ತಗಡು ಮಾತ್ರ, ಬಂದೂಕಲ್ಲ. ಬೆಳೆ ಕಾಯಲು ಇಟ್ಟುಕೊಂಡ ಬಂದೂಕು ಅದು. ಎರಡೂ ಪಕ್ಕದಲ್ಲಿ ಓಡುವ ಕಾಡುಹಂದಿ ಬೇಕೆಂದು ಅವರೇ ಕೇಳಿದ್ದರು. ಅದರ ಗುಂಡಿಗೆ ಬಿದ್ದ ಹಂದಿಯನ್ನು ಬಾಗೂರಿನಲ್ಲಿ ಯಾರೂ ಕಂಡವರಿಲ್ಲ. ಬೆಳ್ಳಿಯ ಹಂದಿಯಾದರೂ ಇರಲಿ ಅಂದುಕೊಂಡಿರಬೇಕು.

ಉಕ್ಕಿನಲ್ಲಿ ಗೆರೆ ತೋಡುವುದು ಪ್ರಭುಲಿಂಗನ ಕೆಲಸ. ತೋಡಿದ ಗೆರೆಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುವುದು ಅನುಸೂಯಳ ಪಾಲಿನದು. ಬಲಗಡೆಯ ತಗಡು ಪೂರ್ತಿ ಮುಗಿದಿತ್ತು. ಎಡಗಡೆಯದನ್ನು ತೋಡುತ್ತ ಕೂತಿದ್ದವನು "ಗ್ಯಾಸು ಕಣೆ, ಎದೆ ಹಿಡ್ದಂಗೈತೆ" ಎಂದು ಉಳಿಯನ್ನು ಕೆಳಗಿಟ್ಟು ಗೋಡೆಗೆ ಒರಗಿದ. ಅಷ್ಟೇ, ಮತ್ತೆ ಏಳಲಿಲ್ಲ. ತಿಥಿಗೆ ಬಂದ ನೆಂಟರು ಹೊರಡುವಾಗ ಒಬ್ಬೊಬ್ಬರೂ ಅವಳ ಭುಜ ಹಿಡಿದು, ಅತ್ತುಬಿಡು, ಎದೆ ಹಗುರಾಗುತ್ತೆ ಅಂದರು. ಅಳು ಬರಲಿಲ್ಲ. ಹಸಿವಾದರೆ ಉಂಡಳು, ಪಾತ್ರೆ ತೊಳೆದಳು, ಕರೆಂಟ್ ಹೋದಾಗ ದೀಪ ಹಚ್ಚಿದಳು. ತನಗೆ ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಆಗಾಗ ಹೆದರಿಕೆಯಾಗುತ್ತಿತ್ತು, ಆ ಹೆದರಿಕೆಯೂ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ.

"ತೋಡಿರೋ ಮಟ್ಟಿಗೆ ಬೆಳ್ಳಿ ತುಂಬಿ ಕೊಡ್ತೀನಿ. ಸಂಜಿಗಂಟ ಇರ್ರಿ," ಎಂದು ಅನುಸೂಯ ಕೆಲಸದ ಹಲಗೆಯನ್ನು ಎಳೆದುಕೊಂಡಳು. ಎಡಗಡೆಯ ತಗಡು ಇನ್ನೂ ಹಲಗೆಗೆ ಹಚ್ಚಿದ ಅರಗಿನಲ್ಲೇ ಕಚ್ಚಿಕೊಂಡಿತ್ತು. ಮುಚ್ಚಿದ್ದ ಬಟ್ಟೆಯನ್ನು ಆವತ್ತಿನಿಂದ ಯಾರೂ ತೆಗೆದಿರಲಿಲ್ಲ. ತೆಗೆದು, ಮುಗಿದ ತಗಡನ್ನು ಅದರ ಪಕ್ಕದಲ್ಲಿಟ್ಟು ನೋಡಿದಳು.

ಎರಡು ಹಂದಿಗಳೂ ಒಂದೇ ಕಡೆಗೆ ಓಡುತ್ತಿದ್ದವು.

ಒಂದು ಎಡಕ್ಕೆ, ಒಂದು ಬಲಕ್ಕೆ ಮುಖ ಮಾಡಿದ್ದರೆ ತಾನೆ ಬಂದೂಕಿಗೆ ಕೂರಿಸಿದಾಗ ಎರಡೂ ಹಂದಿ ನಳಿಗೆಯ ಬಾಯಿಯ ಕಡೆ ಓಡುವುದು? ಮೊದಲ ತಗಡಿನ ಚಿತ್ರವನ್ನು ಕಾಗದಕ್ಕೆ ಇಳಿಸಿಕೊಂಡು, ಕಾಗದವನ್ನು ಮಗುಚಿ ಎರಡನೆಯದಕ್ಕೆ ಅಂಟಿಸಬೇಕು. ಪ್ರಭುಲಿಂಗ ಮಗುಚಿರಲಿಲ್ಲ. ಕಸುಬಿಗೆ ಹೊಸಬರು ಮಾಡುವ ತಪ್ಪು. ಗೆರೆ ಒಂದೂ ನಡುಗಿರಲಿಲ್ಲ. ಬೆನ್ನಿನ ಒಂದೊಂದು ಕೂದಲೂ ನೆಟ್ಟಗೆ ನಿಂತಿತ್ತು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು, ಮನುಷ್ಯ ಮಾತ್ರ ಸರಿಯಿರಲಿಲ್ಲ. ಆವತ್ತೊಂದೇ ದಿನವಲ್ಲ, ಈ ಹಂದಿಯನ್ನು ತೋಡಿದಷ್ಟು ದಿನವೂ.

ಪರಮೇಶ್ವರಪ್ಪ ಬಗ್ಗಿ ನೋಡಿದರು. ಅವರ ದನಿ ತಗ್ಗಿತು. "ಇದು ಬಂದೂಕ ಹಿಡ್ದೋನ ಮ್ಯಾಲೇ ನುಗ್ತೈತಲ್ಲ ತಾಯಿ. ಪ್ರಭಣ್ಣನ ಕೈಕೆಲಸಕ್ಕೆ ಹೆಸರಿಡಂಗಿಲ್ಲ. ಆದ್ರೆ ಇದನ್ನ ಹ್ಯಂಗೆ ಪೂಜಿಗಿಡ್ಲಿ?"

"ಅರ ಹಾಕಿ ಉಜ್ಜಿ ಕೊಡ್ತೀನಿ. ಒಂದ್ ಕಡೆ ಬರೀ ತಗಡು ಇರ್ತೈತೆ. ನಂಗೆ ತೋಡಾಕೆ ಬರಲ್ಲ."

ಒಳಗಿನಿಂದ ಅತ್ತೆ ಶಿವಗಂಗಮ್ಮ ಗೋಡೆ ಹಿಡಿದುಕೊಂಡು ಬಂದಳು. ಅವಳಿಗೆ ಕಣ್ಣು ಅಷ್ಟಾಗಿ ಕಾಣಿಸದು, ಕಿವಿ ಮಾತ್ರ ಚುರುಕು. "ಏನಂದೆ? ನನ್ನ ಮಗ ಕಡೀಗೆ ಮುಟ್ಟಿದ್ದು ಕಣೆ ಅದು. ಅವ್ರು ಬೇರೆ ತಗಡು ಮಾಡಿಸ್ಕಳ್ಲಿ. ಇದು ಮನೇಲಿರ್ಲಿ."

"ಇಟ್ಕಳ್ರಿ ಅಜ್ಜಿ, ನಾನೇನ್ ಬ್ಯಾಡ ಅನ್ನಲ್ಲ," ಎಂದರು ಪರಮೇಶ್ವರಪ್ಪ.

"ಇಟ್ಕಂಡ್ರೆ ದಿನಾ ನೋಡ್ಬೇಕು ಅತ್ತೆ," ಎಂದಳು ಅನುಸೂಯ, ಅಂಗಡಿಯಿಂದ ಉಪ್ಪು ತರಬೇಕು ಎನ್ನುವ ದನಿಯಲ್ಲಿ. "ಹುಷಾರಿಲ್ದೆ ಕುಂತು ತೋಡ್ಯಾರೆ. ಎದುರಿಗೇ ತಂತಿ ಎಳೀತಾ ಕುಂತಿದ್ದೆ ನಾನು. ಮುಖ ಎತ್ತಿ ನೋಡ್ಲಿಲ್ಲ. ನಾಳೆ ಇದನ್ನ ಯಾರಾರ ಕಂಡ್ರೆ, ಪ್ರಭುಲಿಂಗಂಗೆ ಹಂದಿ ತಿರುಗ್ಸಾಕೂ ಬರ್ತಿರ್ಲಿಲ್ಲ ಅಂತ ಆಡ್ಕಂತಾರೆ. ಅದು ಬ್ಯಾಡ."

ಮುದುಕಿ ಗೋಡೆ ಬಿಟ್ಟು ಹಲಗೆಯ ಹತ್ತಿರ ಬಂದಳು. ಆಮೇಲೆ, "ಕಣ್ಣಿಟ್ಟಿದ್ನಾ?" ಎಂದು ಕೇಳಿದಳು.

ಆ ಮನೆಯಲ್ಲಿ ಪ್ರಾಣಿಗೆ ಕಣ್ಣಿಡುವುದು ಕಟ್ಟಕಡೆಗೆ. ಕಣ್ಣಿಟ್ಟ ಮೇಲೆ ಅದಕ್ಕೆ ಜೀವ ಬಂದ ಹಾಗೆ. ಎಂಥ ತಪ್ಪಿದ್ದರೂ ಅರ ಮುಟ್ಟಿಸುವಂತಿಲ್ಲ. ಅನುಸೂಯ ಹಂದಿಯ ದಿಕ್ಕು ನೋಡಿದ್ದಳೇ ಹೊರತು ಮುಖ ನೋಡಿರಲಿಲ್ಲ. ಈಗ ನೋಡುವ ಧೈರ್ಯ ಬರಲಿಲ್ಲ. ಹಲಗೆಯನ್ನು ಅತ್ತೆಯ ಕಡೆಗೆ ಸರಿಸಿದಳು.

ಶಿವಗಂಗಮ್ಮ ಕೂತು ಬೆರಳಿಟ್ಟಳು. ಬಾಲದಿಂದ ಬೆನ್ನಿಗೆ, ಬೆನ್ನಿಂದ ಕಿವಿಗೆ ಬಂದ ಬೆರಳು ಕಿವಿಗೂ ಕೋರೆಗೂ ನಡುವೆ ಅಲ್ಲಲ್ಲೇ ಸುತ್ತಾಡಿತು. ಮಗನ ಕೆನ್ನೆ ಸವರುವಷ್ಟು ನಿಧಾನ. ಅಲ್ಲಿ ಉಕ್ಕು ನುಣ್ಣಗಿತ್ತು.

"ಇಟ್ಟಿಲ್ಲ," ಎಂದಳು. ಬೆರಳು ತೆಗೆಯಲು ಮನಸ್ಸಾಗದೆ ಇನ್ನೊಂದು ಸುತ್ತು ತಿರುಗಿಸಿದಳು. "ಉಜ್ಜು ಹಂಗಾರೆ. ಅದಿನ್ನೂ ಹುಟ್ಟಿಲ್ಲ."

ಪರಮೇಶ್ವರಪ್ಪ ಎದ್ದು ಹೊರಗೆ ಹೋಗಿ ಜಗಲಿಯಲ್ಲಿ ನಿಂತರು. ಅನುಸೂಯ ಅರ ಎತ್ತಿಕೊಂಡಳು. ಮೊದಲ ಎಳೆತಕ್ಕೇ ಹಲಗೆ ಜಾರಿತು. ಒತ್ತಿ ಹಿಡಿಯಲು ಎದುರಿಗೆ ಯಾರೂ ಇರಲಿಲ್ಲ. ಶಿವಗಂಗಮ್ಮ ತೆವಳಿಕೊಂಡು ಹೋಗಿ ಮಗ ಕೂರುತ್ತಿದ್ದ ಜಾಗದಲ್ಲಿ ಕೂತಳು. ಎರಡೂ ಕೈಯಿಂದ ಹಲಗೆಯ ಅಂಚು ಹಿಡಿದಳು.

"ಈಗ ಎಳಿ."

ಬೆನ್ನಿನ ಕೂದಲು ಹೋಯಿತು. ಆಮೇಲೆ ಬಾಲ. ಅಳು ಈಗಲೂ ಬರಲಿಲ್ಲ. ಉಕ್ಕಿನ ಪುಡಿ ಮುದುಕಿಯ ಬೆರಳ ಸಂದಿಯಲ್ಲಿ ತುಂಬಿಕೊಳ್ಳುತ್ತಿತ್ತು. ಅರ ಮುಂದಕ್ಕೆ ಹೋದಾಗಲೆಲ್ಲ ಅವಳ ಸಣಕಲು ಮೈ ಹಿಂದಕ್ಕೆ ವಾಲಿ ಮತ್ತೆ ಮುಂದಕ್ಕೆ ಬರುತ್ತಿತ್ತು. ಹಿಡಿದ ಕೈ ಮಾತ್ರ ಸಡಿಲವಾಗಲಿಲ್ಲ.