ದಾರಿಯ ಪ್ರಕಾರ

"ಅರವತ್ತೊಂದು!" ಎಂದು ಮೇಡಂ ಎಣಿಕೆ ಮುಗಿಸಿದರು. "ಅರವತ್ತೊಂದು ಟ್ಯಾಬ್ ತೆರೆದಿಟ್ಕೊಂಡು ಕೂತಿದ್ದೀರಲ್ಲ ದೊಡ್ಡಕ್ಕ, ಯಾವುದು ಎಲ್ಲಿದೆ ಅಂತ ನಿಮಗಾದ್ರೂ ಗೊತ್ತಾ?"

ಅಂಚೆ ಕಚೇರಿಯ ಕಳೆದುಹೋದ ಪಾರ್ಸೆಲ್‌ಗಳ ವಿಭಾಗದಲ್ಲಿ ಇರುವುದೇ ಆರು ಮೇಜು. ಉಳಿದ ಐದು ಮೇಜುಗಳಲ್ಲಿ ಕೀಲಿಮಣೆಯ ಸದ್ದು ನಿಂತಿತು. ದೊಡ್ಡಕ್ಕ ಪರದೆಯ ಮೇಲಿನ ಅಂಚನ್ನೇ ನೋಡುತ್ತಿದ್ದಳು. ಟ್ಯಾಬುಗಳು ಒತ್ತಿಕೊಂಡು ಒತ್ತಿಕೊಂಡು ಹೆಸರೂ ಕಾಣದಷ್ಟು ಸಣ್ಣಗಾಗಿದ್ದವು. ಒಂದೊಂದೂ ಒಬ್ಬರ ದೂರು. ಮುಚ್ಚಿದರೆ ಮರೆತುಹೋದೀತೆಂಬ ಭಯಕ್ಕೆ ಅವಳು ಯಾವುದನ್ನೂ ಮುಚ್ಚುತ್ತಿರಲಿಲ್ಲ.

ಇಪ್ಪತ್ತೇಳು ವರ್ಷ ಇದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಕಾಗದ ವಿಂಗಡಿಸಿದವಳು ಅವಳು. ಗೂಡುಗೂಡಿನ ಮರದ ಚೌಕಟ್ಟಿನ ಮುಂದೆ ನಿಂತರೆ ಗಂಟೆಗೆ ಸಾವಿರ ಕಾಗದ, ಒಂದೂ ತಪ್ಪದು. ಯಂತ್ರ ಬಂತು, ವಿಂಗಡಣೆಯ ಕೋಣೆಗೆ ಬೀಗ ಬಿತ್ತು, ಆರು ತಿಂಗಳ ಹಿಂದೆ ಅವಳನ್ನು ಮೇಲೆ ತಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ಅಂದಿನಿಂದ ಅವಳ ಕೈಗೆ ಗರ ಬಡಿದಂತಾಗಿತ್ತು.

"ಇವತ್ತು ಎಲ್ಲರಿಗೂ ಹೊಸ ಸಾಫ್ಟ್‌ವೇರ್ ಹಾಕಿಸಿದ್ದೀನಿ," ಎಂದರು ಮೇಡಂ. ವಿಭಾಗದ ಮುಖ್ಯಸ್ಥೆಯಾದರೂ ಅವರಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. "ಬ್ರೌಸರ್ ತೆರೆದ್ರೆ ಮೇಜಿನ ಥರ ಕಾಣುತ್ತೆ. ಪ್ರತಿ ಟ್ಯಾಬೂ ಒಂದು ಚೀಟಿ. ಎಳೆದು ಎಲ್ಲಿ ಬೇಕಾದ್ರೂ ಇಡಬಹುದು, ಡಬ್ಬಿ ಮಾಡಿ ಅದರೊಳಗೆ ಹಾಕಬಹುದು. ತಾರೀಖಿನ ಪ್ರಕಾರ ಜೋಡಿಸ್ಕೊಳ್ಳಿ. ಶುಕ್ರವಾರದೊಳಗೆ ಹಳೇದು ಹತ್ತಾದ್ರೂ ಮುಗೀಬೇಕು. ಇಲ್ಲಾಂದ್ರೆ ಸೋಮವಾರದಿಂದ ಗೋದಾಮಿಗೆ ಹೋಗಿ. ಅಲ್ಲಿ ಕಂಪ್ಯೂಟರ್ ಇಲ್ಲ. ನಿಮಗೂ ನೆಮ್ಮದಿ."

ಗೋದಾಮಿಗಿಂತ ಆ 'ನೆಮ್ಮದಿ' ಅನ್ನುವ ಮಾತು ಅವಳಿಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಕನಿಕರ ತಡೆಯಲಾಗಲಿಲ್ಲ.

ಹೇಳಿದಂತೆಯೇ ತಾರೀಖಿನ ಡಬ್ಬಿಗಳನ್ನು ಮಾಡಿ, ಸಂಜೆಯವರೆಗೆ ಚೀಟಿಗಳನ್ನು ತುಂಬಿದಳು. ನೋಡಲು ಅಚ್ಚುಕಟ್ಟಾಗಿತ್ತು. ಆದರೆ ಒಂದು ಪಾರ್ಸೆಲ್ಲಿನ ಸುಳಿವೂ ಹತ್ತಲಿಲ್ಲ.

ಮನೆಯಲ್ಲಿ ಬೀನ್ಸ್ ಬಿಡಿಸುತ್ತ ಗಂಡನ ಮುಂದೆ ಗೋಳು ಹೇಳಿಕೊಂಡಳು. ಅವನು ನಿವೃತ್ತ ಪೋಸ್ಟ್‌ಮನ್. ಅವಳು ಕಟ್ಟಿಕೊಟ್ಟ ಕಾಗದದ ಕಟ್ಟನ್ನೇ ಹೊತ್ತು ಬೀದಿ ಸುತ್ತಿದವನು, ಕಟ್ಟು ಚೆನ್ನಾಗಿದೆಯೆಂದು ಹೊಗಳಿ ಹೊಗಳಿಯೇ ಅವಳನ್ನು ಮದುವೆಗೆ ಒಪ್ಪಿಸಿದವನು.

"ತಾರೀಖಿನ ಪ್ರಕಾರಾನಾ?" ಅವನಿಗೆ ನಗು ತಡೆಯಲಾಗಲಿಲ್ಲ. "ನೀನೇನಾದ್ರೂ ನನಗೆ ತಾರೀಖಿನ ಪ್ರಕಾರ ಕಟ್ಟಿಕೊಟ್ಟಿದ್ರೆ ನಾನಿನ್ನೂ ಬೀದೀಲೇ ಇರ್ತಿದ್ದೆ ಕಣೇ."

"ನಗೋದೇನ್ರೀ ಬಂತು ಇದರಲ್ಲಿ?"

"ಮತ್ತೇನು? ನೀನು ಕಟ್ಟಿದ ಕಟ್ಟು ಕೈಲಿದ್ರೆ ನಾನು ತಲೆ ಎತ್ತಿ ಮನೆ ನಂಬರ್ ನೋಡ್ತಾನೇ ಇರ್ಲಿಲ್ಲ. ಮೇಲಿನ ಕಾಗದ ಮೊದಲನೇ ಬಾಗಿಲಿಗೆ, ಅದರ ಕೆಳಗಿಂದು ಪಕ್ಕದ ಬಾಗಿಲಿಗೆ. ನನ್ನ ಕಾಲು ಹೋದ ಹಾಗೆ ಜೋಡಿಸ್ತಿದ್ದೆ ನೀನು."

ದೊಡ್ಡಕ್ಕನ ಕೈಯಲ್ಲಿದ್ದ ಬೀನ್ಸ್ ಅಲ್ಲೇ ನಿಂತಿತು.

ಮರುದಿನ ಬಂದವಳೇ ತಾರೀಖಿನ ಡಬ್ಬಿಗಳನ್ನೆಲ್ಲ ಅಳಿಸಿದಳು. ಪಾರ್ಸೆಲ್ ಸಾಗಿಸುವ ಐದು ವ್ಯಾನುಗಳ ಚಾಲಕರಿಗೂ ಫೋನು ಮಾಡಿ, ಮೊದಲು ಎಲ್ಲಿ ನಿಲ್ಲಿಸುತ್ತೀರಿ, ಆಮೇಲೆ ಎಲ್ಲಿ ಎಂದು ಕೇಳಿ ಬರೆದುಕೊಂಡಳು. ವ್ಯಾನಿಗೊಂದು ಸಾಲು, ಸಾಲಿನಲ್ಲಿ ಅದು ನಿಲ್ಲುವ ಡಿಪೋಗೊಂದು ಡಬ್ಬಿ. ಆಮೇಲೆ ಒಂದೊಂದು ಚೀಟಿಯನ್ನೂ ತೆರೆದು, ಆ ಪಾರ್ಸೆಲ್ ಕೊನೆಯ ಸಲ ದಾಖಲಾದದ್ದು ಎಲ್ಲಿ ಎಂದು ಓದಿ, ಎಳೆದು ಆ ಡಿಪೋದ ಡಬ್ಬಿಗೆ ಹಾಕತೊಡಗಿದಳು. ಕೆಲಸ ಬಸವನಹುಳುವಿನ ಹಾಗೆ ಸಾಗಿತು. ಆದರೆ ಕೈಗೆ ಗುರುತು ಸಿಕ್ಕಿತ್ತು. ಕಣ್ಣು ಓದುವುದರೊಳಗೆ ಬೆರಳು ಅತ್ತ ಹೊರಡುತ್ತಿತ್ತು.

ಪಕ್ಕದ ಮೇಜಿನವನು ಎಲ್ಲದರಲ್ಲೂ ಮುಂದು. ಅವನನ್ನು ಎಲ್ಲರೂ 'ಪಟಾಕಿ' ಎಂದೇ ಕರೆಯುತ್ತಿದ್ದರು. "ದೊಡ್ಡಕ್ಕ ಸೈಟ್ ಹಂಚ್ತಾ ಇದ್ದಾರೆ, ಯಾರಿಗೆ ಬೇಕು ಹೇಳ್ರಪ್ಪ," ಎಂದ.

"ನಿನಗೆ ಮೂಲೆ ಸೈಟೇ ಇಟ್ಟಿದ್ದೀನಿ, ಸುಮ್ನಿರು," ಎಂದಳು ಅವಳು ತಿರುಗದೆ.

ಬುಧವಾರ ಮೇಡಂ ಬೆನ್ನ ಹಿಂದೆ ಬಂದು ನಿಂತರು. "ಇದೇನು ಸಂತೆ ಹರಡಿದ್ದೀರಿ? ತಾರೀಖು ಎಲ್ಲಿ?"

"ಚೀಟಿ ಒಳಗಿದೆ ಮೇಡಂ. ಪಾರ್ಸೆಲ್ಲು ತಾರೀಖಿನ ಮೇಲೆ ಹೋಗಲ್ಲ, ದಾರಿ ಮೇಲೆ ಹೋಗುತ್ತೆ."

"ನಾನು ಹೇಳಿದ್ದೇನು, ನೀವು ಮಾಡ್ತಿರೋದೇನು?"

"ಶುಕ್ರವಾರದ ತನಕ ಟೈಮ್ ಕೊಟ್ಟಿದ್ದೀರಲ್ಲ ಮೇಡಂ," ಎಂದಳು. ಮೇಡಂ ತಮ್ಮ ಮೇಜಿಗೆ ಹೋದರು. ಗೋದಾಮಿಗೆ ಕಳಿಸುವ ಪತ್ರ ಅವರ ಮೇಜಿನ ಮೇಲೆ ಆಗಲೇ ತಯಾರಾಗಿದೆಯೆಂದು ಪಟಾಕಿ ಮೆಲ್ಲಗೆ ಹೇಳಿದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ಗುರುವಾರ ಮಧ್ಯಾಹ್ನ ಕೊನೆಯ ಚೀಟಿಯೂ ತನ್ನ ಜಾಗ ಸೇರಿತು. ದೊಡ್ಡಕ್ಕ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಇಡೀ ಪರದೆಯನ್ನು ಒಮ್ಮೆಗೇ ನೋಡಿದಳು. ಒಂದೊಂದು ಡಬ್ಬಿಯಲ್ಲಿ ಒಂದೋ ಎರಡೋ ಚೀಟಿ. ನಾಲ್ಕನೇ ವ್ಯಾನಿನ ಆರನೇ ಡಿಪೋದಲ್ಲಿ ಮಾತ್ರ ಹದಿಮೂರು. ನಾಲ್ಕು ತಿಂಗಳಲ್ಲಿ ಹದಿಮೂರು ಜನ ಬೇರೆ ಬೇರೆ ದಿನ ಕೊಟ್ಟ ದೂರುಗಳು. ಎಲ್ಲ ಪಾರ್ಸೆಲ್ಲುಗಳೂ ಅಲ್ಲಿಗೆ ಬಂದಿದ್ದವು, ಯಾವುದೂ ಮುಂದೆ ಹೋಗಿರಲಿಲ್ಲ. ಹದಿಮೂರನ್ನೂ ಮತ್ತೆ ತೆರೆದು ಅಳತೆ ನೋಡಿದಳು. ಎಲ್ಲವೂ ತೆಳುವಾದ, ಚಪ್ಪಟೆ ಲಕೋಟೆಗಳು.

ನಾಲ್ಕನೇ ವ್ಯಾನಿನ ಚಾಲಕನಿಗೆ ಫೋನು ಮಾಡಿದಳು. "ಅಣ್ಣಾ, ಆರನೇ ಡಿಪೋದಲ್ಲಿ ಸಾಮಾನು ಎಲ್ಲಿಡ್ತಾರೆ?"

"ಅಲ್ಲೇನಿದೆ ದೊಡ್ಡಕ್ಕ, ಒಂದೇ ಒಂದು ಕಬ್ಬಿಣದ ರ್ಯಾಕು."

"ಅದಕ್ಕೂ ಗೋಡೆಗೂ ಮಧ್ಯೆ ಸಂದಿ ಇದೆಯಾ?"

"ಅಂಗೈ ತೂರುವಷ್ಟು."

"ನಾಳೆ ಹೋದಾಗ ರ್ಯಾಕು ಎಳೆದು ನೋಡ್ತೀರಾ?"

ಶುಕ್ರವಾರ ಹನ್ನೊಂದಕ್ಕೆ ಫೋನು ಬಂತು. ಚಾಲಕನ ಗಂಟಲು ಎಷ್ಟು ದೊಡ್ಡದಿತ್ತೆಂದರೆ ಪಕ್ಕದ ಮೇಜಿಗೂ ಕೇಳಿಸಿತು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ವಲ್ಲ ದೊಡ್ಡಕ್ಕ! ಎಲ್ಲ ಹಿಂದೆ ಜಾರಿ ಬಿದ್ದಿವೆ. ಆದ್ರೆ ಹದಿಮೂರಲ್ಲ, ಹದಿನಾಲ್ಕಿವೆ!"

"ಇನ್ನೊಬ್ಬರು ದೂರು ಕೊಡೋಕೂ ಹೋಗಿಲ್ಲ ಪಾಪ," ಎಂದಳು ಅವಳು. ಎದೆ ಉಬ್ಬಿ ಬಂದಿತ್ತು, ಹೆಮ್ಮೆಯನ್ನು ಮುಚ್ಚಿಡುವ ಗೋಜಿಗೆ ಅವಳು ಹೋಗಲಿಲ್ಲ. ಯಾಕೆ ಮುಚ್ಚಿಡಬೇಕು?

ಪಟಾಕಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅವಳು ಮಾತ್ರ ಕೂತು ಹದಿಮೂರು ಮನೆಗೂ ಸಾಲಾಗಿ ಫೋನು ಮಾಡಿದಳು. ಒಬ್ಬರದು ಪದವಿಯ ಪ್ರಮಾಣಪತ್ರ. ಇನ್ನೊಬ್ಬಾಕೆಯದು ತೀರಿಹೋದ ತಾಯಿಯ ಒಂದೇ ಒಂದು ಫೋಟೋ. ಆಕೆ "ಸಿಕ್ತಾ? ನಿಜವಾಗ್ಲೂ ಸಿಕ್ತಾ?" ಎಂದು ನಾಲ್ಕು ಸಲ ಕೇಳಿದಳು, ದೊಡ್ಡಕ್ಕ ನಾಲ್ಕು ಸಲವೂ "ಸಿಕ್ತಮ್ಮ" ಎಂದಳು. ಒಂದೊಂದು ಫೋನು ಇಟ್ಟ ಮೇಲೂ ಒಂದೊಂದು ಚೀಟಿ ಮುಚ್ಚಿದಳು. ಮುಚ್ಚುವಾಗ ಈಗ ಭಯವಾಗಲಿಲ್ಲ.

ಸಂಜೆ ಎಲ್ಲರೂ ಹೊರಟ ಮೇಲೆ ಮೇಡಂ ಬಂದರು. ಕೈಯಲ್ಲಿ ಪತ್ರ ಇರಲಿಲ್ಲ, ಲ್ಯಾಪ್‌ಟಾಪ್ ಇತ್ತು. "ಗೋದಾಮಿಗೆ ಬೇರೆಯವರನ್ನ ನೋಡ್ತೀನಿ," ಎಂದರು. ಪಟಾಕಿಯ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಲ್ಯಾಪ್‌ಟಾಪಿನ ಮುಚ್ಚಳ ತೆರೆದು ಅವಳ ಕಡೆಗೆ ತಿರುಗಿಸಿದರು.

ಪರದೆಯ ಮೇಲೆ ಟ್ಯಾಬುಗಳು ಕೂದಲೆಳೆಯಷ್ಟು ಸಣ್ಣಗೆ, ಈ ತುದಿಯಿಂದ ಆ ತುದಿಯವರೆಗೆ ಒತ್ತೊತ್ತಾಗಿ ನಿಂತಿದ್ದವು. ನೂರಕ್ಕೆ ಕಡಿಮೆಯಿರಲಿಲ್ಲ.

"ಯಾರಿಗೂ ಹೇಳ್ಬೇಡಿ ದೊಡ್ಡಕ್ಕ," ಎಂದರು ಮೇಡಂ. ಅವರ ಕಿವಿ ಕೆಂಪಾಗಿತ್ತು.

ದೊಡ್ಡಕ್ಕ ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಖಾಲಿ ಮೇಜಿನಂತಹ ಹೊಸ ಪುಟವೊಂದನ್ನು ತೆರೆದಳು.

"ಸರಿ, ಹೇಳಿ ಮೇಡಂ. ಬೆಳಿಗ್ಗೆ ಎದ್ದು ನೀವು ಮೊದಲು ಎಲ್ಲಿಗೆ ಹೋಗ್ತೀರಿ?"

ಮೇಡಂ ಕಣ್ಣು ಮುಚ್ಚಿಕೊಂಡು ಯೋಚಿಸತೊಡಗಿದರು. ದೊಡ್ಡಕ್ಕ ಮೌಸಿನ ಮೇಲೆ ಕೈಯಿಟ್ಟು ಕಾಯುತ್ತ ಕೂತಳು.